ಒಳಗಿನ ಚಿಲಕ

ಹೊನ್ನಾವರದ ಹತ್ತಿರದ ಹಳದೀಪುರದಿಂದ ಹೊರಟು ಮುಂಬೈ ಸೇರಿದ ಅರುಣಾ ಶಾನಭಾಗ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವರ ಕತ್ತು ಬಿಗಿದು ಲೈಂಗಿಕ ದಾಳಿ ನಡೆಸಿದ. ಮರುದಿನ ಬೆಳಿಗ್ಗೆಯವರೆಗೆ ಯಾರೂ ಅವರನ್ನು ನೋಡಲಿಲ್ಲ. ಮಿದುಳಿಗೆ ಆಮ್ಲಜನಕ ತಲುಪದೆ ಹೋಗಿತ್ತು. ಆಗ ಅವರಿಗೆ 25 ವರ್ಷ. ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿದ್ದು, 2015ರ ಮೇ 18ರಂದು ತೀರಿಕೊಂಡರು.

ಕನ್ನಡ ಓದುಗರಿಗೆ ಅರುಣಾ ಶಾನಭಾಗ ಎಂದರೆ ದಯಾಮರಣದ ಚರ್ಚೆ ನೆನಪಾಗುತ್ತದೆ. 2011ರ ಮಾರ್ಚ್ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಹಾಗಾಯಿತು. ಆದರೆ ಅದಕ್ಕಿಂತ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆ ಹಾಗೇ ಉಳಿದುಹೋಯಿತು. ಅಷ್ಟು ದೊಡ್ಡ ಆಸ್ಪತ್ರೆಯ ನರ್ಸ್ ಒಬ್ಬರು ಬಟ್ಟೆ ಬದಲಿಸಲು ಜನ ಓಡಾಡದ ನೆಲಮಾಳಿಗೆಗೆ ಏಕೆ ಹೋಗಬೇಕಿತ್ತು? ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ ಏಕೆ ಇರಲಿಲ್ಲ?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಕೆಲಸಗಾರ ಪ್ರಯೋಗಾಲಯದ ನಾಯಿಗಳ ಆಹಾರ ಕದಿಯುತ್ತಿದ್ದುದಕ್ಕೆ ಅರುಣಾ ಅವನನ್ನು ಗದರಿಸಿದ್ದರು, ಮೇಲಿನವರಿಗೆ ಹೇಳುವುದಾಗಿ ಎಚ್ಚರಿಸಿದ್ದರು ಎಂದು ಪ್ರಕರಣದ ಕುರಿತ ಬರಹಗಳು ಹೇಳುತ್ತವೆ. ಅಂದರೆ ಆಕೆ ಗೆರೆ ಎಳೆಯಲು ಹೆದರಿದವರಲ್ಲ. ಇಂದಿನ ಹುಡುಗಿಯರಿಗೆ ಎಲ್ಲರೂ ಕೊಡುವ ಉಪದೇಶವನ್ನು ಅವರು ಐವತ್ತು ವರ್ಷದ ಹಿಂದೆಯೇ ಪಾಲಿಸಿದ್ದರು. ಆ ಗೆರೆಯ ಹಿಂದೆ ನಿಂತು ಕಾಯಬೇಕಾದ ವ್ಯವಸ್ಥೆ ಮಾತ್ರ ಇರಲಿಲ್ಲ. ಆಮೇಲೂ ಬರಲಿಲ್ಲ. ಅಪರಾಧಿಗೆ ದರೋಡೆ ಮತ್ತು ಕೊಲೆಯತ್ನಕ್ಕಾಗಿ ಏಳು ವರ್ಷ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ.

ಮನೆ ಬಿಟ್ಟು ದೂರದ ಊರಲ್ಲಿ ಓದುವ, ದುಡಿಯುವ ಯುವತಿಯರ ಸುರಕ್ಷತೆ ಮತ್ತು ಅವರ ಸ್ವಂತದ ಗಡಿ ಈ ಉಪನ್ಯಾಸದ ವಿಷಯ. ಈ ವಿಷಯ ಎತ್ತಿದ ಕೂಡಲೇ ಮಾತು ಹುಡುಗಿಯ ನಡವಳಿಕೆಯತ್ತ ಹೊರಳುತ್ತದೆ. ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಂದಳು, ಏನು ಹಾಕಿಕೊಂಡಿದ್ದಳು. ಕೋಣೆ, ಬಾಗಿಲು, ದೀಪ, ದೂರು ಕೇಳುವ ಕಿವಿ, ಕೈಯಲ್ಲಿನ ಹಣ, ಇವುಗಳ ಬಗ್ಗೆ ಮಾತು ಬರುವುದೇ ಕಡಿಮೆ.

ಅರುಣಾ ಅವರ ಕಥೆ ಹಳೆಯದೆಂದು ಪಕ್ಕಕ್ಕಿಡುವಂತೆಯೂ ಇಲ್ಲ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ವೈದ್ಯೆಯ ದೇಹ ಸೆಮಿನಾರ್ ಹಾಲ್‌ನಲ್ಲಿ ಸಿಕ್ಕಿತು. ಅತಿ ದೀರ್ಘ ಪಾಳಿಯ ನಡುವೆ ಒರಗಿಕೊಳ್ಳಲು ಆಕೆ ಹೋಗಿದ್ದ ಜಾಗ ಅದು. ಅಲ್ಲಿ ನೆಲಮಾಳಿಗೆ, ಇಲ್ಲಿ ಸೆಮಿನಾರ್ ಹಾಲ್. ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, ಆಗಸ್ಟ್ 20ರಂದು ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಇದೇ ವೇಳೆ ಪಶ್ಚಿಮ ಬಂಗಾಳ ಸರ್ಕಾರ ಹೊರಡಿಸಿದ ಸೂಚನೆಗಳಲ್ಲಿ, ಸಾಧ್ಯವಾದಷ್ಟೂ ಮಹಿಳಾ ವೈದ್ಯರಿಗೆ ರಾತ್ರಿ ಪಾಳಿ ತಪ್ಪಿಸಬೇಕು ಎಂಬ ಮಾತಿತ್ತು. ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅದನ್ನು ಆಕ್ಷೇಪಿಸಿತು. ರಾತ್ರಿ ಕೆಲಸ ಬೇಡವೆನ್ನಲು ಸರ್ಕಾರಕ್ಕೆ ಅಧಿಕಾರವಿಲ್ಲ, ಭದ್ರತೆ ಕೊಡುವುದು ಅದರ ಹೊಣೆ ಎಂಬುದು ಕೋರ್ಟಿನ ನಿಲುವಾಗಿತ್ತು.

ಆ ಸೂಚನೆ ಬರೆದ ಅಧಿಕಾರಿಗೆ ಕೆಟ್ಟ ಉದ್ದೇಶ ಇದ್ದಿರಲಾರದು. ನಮ್ಮ ಮನೆಗಳಲ್ಲಿ, ಕಾಲೇಜುಗಳಲ್ಲಿ ದಿನವೂ ನಡೆಯುವ ಯೋಚನೆಯೇ ಅದು. ಅಪಾಯ ಹೊರಗಿದ್ದರೆ ಹೆಣ್ಣುಮಗಳನ್ನು ಒಳಗಿಡು.

ಲೇಡೀಸ್ ಹಾಸ್ಟೆಲ್ಲಿನ ಗೇಟು ಈ ಯೋಚನೆಯ ಮೇಲೆಯೇ ನಿಂತಿದೆ. ಸಂಜೆ ಆರೂವರೆಗೋ ಏಳಕ್ಕೋ ಅಟೆಂಡೆನ್ಸ್, ಆಮೇಲೆ ಬೀಗ. ಪಕ್ಕದ ಹುಡುಗರ ಹಾಸ್ಟೆಲ್ಲಿನಲ್ಲಿ ಹತ್ತರವರೆಗೂ ಲೈಬ್ರರಿ, ಹನ್ನೊಂದರವರೆಗೂ ಚಹಾ. 2015ರ ಆಗಸ್ಟ್‌ನಲ್ಲಿ ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯ ಹುಡುಗಿಯರ ತಡರಾತ್ರಿಯ ಅನುಮತಿಯನ್ನು ರದ್ದು ಮಾಡಿದಾಗ ಹುಟ್ಟಿದ ಅಸಮಾಧಾನವೇ ಮುಂದೆ 'ಪಿಂಜ್ರಾ ತೋಡ್' ಚಳವಳಿಯಾಗಿ ಬೇರೆ ಕ್ಯಾಂಪಸ್ಸುಗಳಿಗೂ ಹರಡಿತು. ಎರಡು ವರ್ಷದ ನಂತರ, 2017ರ ಸೆಪ್ಟೆಂಬರ್ 21ರಂದು, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದೊಳಗೇ ಹಾಸ್ಟೆಲ್ಲಿಗೆ ಮರಳುತ್ತಿದ್ದ ವಿದ್ಯಾರ್ಥಿನಿಯ ಮೇಲೆ ಬೈಕಿನಲ್ಲಿ ಬಂದವರು ಕೈ ಮಾಡಿದರು. ಹೊತ್ತು ನಡುರಾತ್ರಿಯಲ್ಲ, ಸಂಜೆ ಆರರ ಆಸುಪಾಸು. ಕಾವಲುಗಾರರು ನೆರವಿಗೆ ಬರಲಿಲ್ಲ, ಈ ಹೊತ್ತಿನಲ್ಲಿ ಹೊರಗೇಕಿದ್ದೆ ಎಂದು ತನ್ನನ್ನೇ ಕೇಳಿದರು ಎಂಬುದು ಆಕೆಯ ದೂರು. ದಾರಿದೀಪ ಹಾಕಿ, ಕ್ಯಾಮೆರಾ ಹಾಕಿ ಎಂದು ಕೇಳಿ ಮುಖ್ಯದ್ವಾರದಲ್ಲಿ ಕುಳಿತ ವಿದ್ಯಾರ್ಥಿನಿಯರ ಪ್ರತಿಭಟನೆ 23ರ ರಾತ್ರಿ ಪೊಲೀಸರ ಲಾಠಿಯ ತನಕ ಹೋಯಿತು.

ಕೇರಳದ ಹುಡುಗಿಯರು ಕೋರ್ಟಿನ ದಾರಿ ಹಿಡಿದರು. ಕೋಳಿಕ್ಕೋಡ್ ಬಳಿಯ ಕಾಲೇಜೊಂದರ ಹಾಸ್ಟೆಲ್ಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಮೊಬೈಲ್ ಒಪ್ಪಿಸಬೇಕೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದರು. 2019ರಲ್ಲಿ ಹೈಕೋರ್ಟ್ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು. 2022ರಲ್ಲಿ ಕೋಳಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ ಒಂಬತ್ತೂವರೆಯ ಗಡುವನ್ನು ಪ್ರಶ್ನಿಸಿದಾಗ, ತೊಂದರೆ ಕೊಡುವವರು ಗಂಡಸರಾದರೆ ಹೆಣ್ಣುಮಕ್ಕಳನ್ನು ಕೂಡಿಹಾಕುವುದು ಯಾವ ನ್ಯಾಯ ಎಂಬ ಅರ್ಥದ ಮಾತು ನ್ಯಾಯಪೀಠದಿಂದ ಬಂತು. ಕೊನೆಗೆ ಸರ್ಕಾರ ಹುಡುಗ ಹುಡುಗಿ ಇಬ್ಬರಿಗೂ ಒಂದೇ ನಿಯಮ ಮಾಡಿತು.

ನಿಯಮವೇ ಬೇಡವೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ನೂರು ಜನ ಇರುವ ಕಟ್ಟಡಕ್ಕೆ ಹೊತ್ತುಗೊತ್ತು ಬೇಕು. ಆದರೆ ಹತ್ತು ನಿಮಿಷ ತಡವಾದ ಹುಡುಗಿಗೆ ಗೇಟು ತೆಗೆಯದೆ ಹೋದರೆ ಅವಳು ಆ ರಾತ್ರಿ ಕಳೆಯುವುದು ಎಲ್ಲಿ? ಬಸ್ಸು ಕೆಟ್ಟು ಒಂಬತ್ತೂವರೆಗೆ ಬಂದವಳು ವಾರ್ಡನ್ನಿನ ಬೈಗುಳಕ್ಕೆ ಹೆದರಿ ಪರಿಚಯವೇ ಇಲ್ಲದ ಮನೆಯಲ್ಲಿ ಉಳಿದರೆ, ಆ ಬೀಗ ಅವಳನ್ನು ಕಾಯಲಿಲ್ಲ, ಅಪಾಯಕ್ಕೆ ತಳ್ಳಿತು. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದುಕೊಳ್ಳಬೇಕು, ಕಾರಣ ಆಮೇಲೆ ಕೇಳಬೇಕು. ಇದೊಂದು ಸಾಲು ಪ್ರತಿ ಹಾಸ್ಟೆಲ್ಲಿನ ನಿಯಮದ ಹಾಳೆಯಲ್ಲಿ ಇರಬೇಕು.

ಬೀಗ ಹಿಡಿತದ ಸಾಧನವಾಗುವುದನ್ನು ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ನೋಡಬಹುದು. ಅಲ್ಲಿ 'ಸುಮಂಗಲಿ' ಎಂಬ ಹೆಸರಿನ ಯೋಜನೆಯಲ್ಲಿ ಬಡ ಹಳ್ಳಿಗಳ ಹುಡುಗಿಯರು ಸುಮಾರು ಮೂರು ವರ್ಷ ಗಿರಣಿಯ ಹಾಸ್ಟೆಲ್ಲಿನಲ್ಲೇ ಇದ್ದು ದುಡಿಯಬೇಕಿತ್ತು, ಮದುವೆಗೆಂದು ಗಂಟು ಹಣ ಕೊನೆಯಲ್ಲಿ ಸಿಗುತ್ತಿತ್ತು. ಮಧ್ಯದಲ್ಲಿ ಬಿಟ್ಟರೆ ಗಂಟು ಹೋಯಿತು. ಹೊರಗೆ ಹೋಗಲು, ಫೋನ್ ಮಾಡಲು ನಿರ್ಬಂಧ. ಎಲ್ಲಕ್ಕೂ ಕೊಡುತ್ತಿದ್ದ ಕಾರಣ ಹುಡುಗಿಯರ ಸುರಕ್ಷತೆ. 2021ರ ಡಿಸೆಂಬರ್‌ನಲ್ಲಿ ಶ್ರೀಪೆರಂಬದೂರಿನಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯ ಯುವತಿಯರು ಚೆನ್ನೈ–ಬೆಂಗಳೂರು ಹೆದ್ದಾರಿಗೆ ಇಳಿದದ್ದು ಹಾಸ್ಟೆಲ್ಲಿನ ಊಟದಿಂದ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ ಮೇಲೆ. ಕಿಕ್ಕಿರಿದ ಕೋಣೆ, ಸರಿಯಿಲ್ಲದ ಶೌಚಾಲಯ ಎಲ್ಲವೂ ಆಗ ಹೊರಬಂದವು. ಅದೇ ಬಗೆಯ ಕಾರ್ಖಾನೆಗಳು ಈಗ ಕೋಲಾರದ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ನಡೆಯುತ್ತಿವೆ. ನಮ್ಮ ರಾಜ್ಯ ಈ ಪಾಠವನ್ನು ಬೇರೆಯವರ ಅನುಭವದಿಂದಲೇ ಕಲಿತರೆ ಒಳ್ಳೆಯದು.

ಬೆಂಗಳೂರಿನ ಪಿ.ಜಿ.ಗಳ ಮಾತಿಗೆ ಬರೋಣ. ಬಿ.ಟಿ.ಎಂ. ಲೇಔಟ್, ಮಾರತ್ತಹಳ್ಳಿಗಳಲ್ಲಿ ಸಾಫ್ಟ್‌ವೇರಿನವರು, ವಿಜಯನಗರದಲ್ಲಿ ಕೆ.ಎ.ಎಸ್. ಕೋಚಿಂಗಿಗೆ ಬಂದವರು, ಪೀಣ್ಯ, ಬೊಮ್ಮನಹಳ್ಳಿಗಳ ಒಂಟಿ ಕೋಣೆಗಳಲ್ಲಿ ಗಾರ್ಮೆಂಟ್ಸಿನವರು. ಧಾರವಾಡದ ಸಪ್ತಾಪುರದಲ್ಲೂ ಇದೇ ಚಿತ್ರ. ತ್ರೀ ಶೇರಿಂಗ್ ಎಂದರೆ ಮೂರು ಮಂಚ, ನಡುವೆ ಒಬ್ಬರು ಅಡ್ಡಲಾಗಿ ನಡೆಯುವಷ್ಟು ಜಾಗ, ಬಾಗಿಲು ಭದ್ರವಿಲ್ಲದ ಒಂದು ಬೀರು.

2024ರ ಜುಲೈನಲ್ಲಿ ಕೋರಮಂಗಲದ ಮಹಿಳಾ ಪಿ.ಜಿ.ಯೊಂದಕ್ಕೆ ರಾತ್ರಿ ನುಗ್ಗಿದವನು ಬಿಹಾರದಿಂದ ಬಂದು ಕೆಲಸಕ್ಕಿದ್ದ ಯುವತಿಯನ್ನು ಕೊಂದ. ಪೊಲೀಸರ ಪ್ರಕಾರ ಆರೋಪಿ ಆಕೆಯ ಗೆಳತಿಗೆ ಪರಿಚಿತನಾಗಿದ್ದವನು. ಅವನು ಬಂದದ್ದು, ಹೋದದ್ದು ಎಲ್ಲವೂ ಸಿ.ಸಿ. ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆ ದೃಶ್ಯ ತನಿಖೆಗೆ ಬೇಕಾಯಿತು. ಆ ಹೊತ್ತಿಗೆ ಬೇಕಾಗಿದ್ದದ್ದು ಬಾಗಿಲಲ್ಲಿ ತಡೆಯುವ ಒಬ್ಬ ಮನುಷ್ಯ. ಮುಂದಿನ ತಿಂಗಳು ಬಿ.ಬಿ.ಎಂ.ಪಿ. ಪಿ.ಜಿ.ಗಳಿಗೆ ನಿಯಮ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, 90 ದಿನ ಉಳಿಸಿಡುವ ಕ್ಯಾಮೆರಾ ದೃಶ್ಯ, ದಿನದ 24 ಗಂಟೆಯೂ ಒಬ್ಬ ಸಿಬ್ಬಂದಿ. ಪಟ್ಟಿ ಚೆನ್ನಾಗಿದೆ. ಇದನ್ನು ಬರೆಯಲು ಒಂದು ಸಾವು ಬೇಕಾಯಿತು ಎಂಬುದು ನೋವಿನ ಸಂಗತಿ. ಇನ್ನಾದರೂ ಕೋಣೆ ನೋಡಲು ಹೋದ ಹುಡುಗಿ ಮತ್ತು ಅವಳ ಜೊತೆ ಬಂದ ಅಪ್ಪ, ಬಾಡಿಗೆ ಚೌಕಾಸಿಗೆ ಮೊದಲು ರಾತ್ರಿ ಬಾಗಿಲಲ್ಲಿ ಯಾರಿರುತ್ತಾರೆ, ಬಚ್ಚಲುಮನೆಯ ಚಿಲಕ ಬೀಳುತ್ತದೆಯೇ, ಕೋಣೆಯ ಇನ್ನೊಂದು ಕೀಲಿಕೈ ಯಾರ ಬಳಿ ಇದೆ ಎಂಬುದನ್ನು ಕೇಳಬೇಕು.

ಕೋರಮಂಗಲದ ಪ್ರಕರಣ ಇನ್ನೊಂದು ವಿಷಯವನ್ನೂ ಮುಂದಿಡುತ್ತದೆ. ಅಪಾಯ ಎಂದರೆ ಕತ್ತಲಲ್ಲಿ ಕಾಯುವ ಅಪರಿಚಿತ ಎಂದು ಮನೆಯವರು ಭಾವಿಸುತ್ತಾರೆ. ದೇಶದ ಅಪರಾಧ ದಾಖಲೆಗಳಲ್ಲಿ ವರ್ಷ ವರ್ಷವೂ, ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಗೊತ್ತಿರುವವನೇ. ಆದ್ದರಿಂದ ನಿಜವಾದ ಗಡಿಯನ್ನು ಹಾಕಬೇಕಾಗಿ ಬರುವುದು ಪರಿಚಯದವರ ನಡುವೆ, ನಗುನಗುತ್ತ ಮಾತಾಡುವ ಹೊತ್ತಿನಲ್ಲಿ. ರಾತ್ರಿ ಹನ್ನೊಂದಕ್ಕೆ ಕೆಲಸದ ನೆಪದಲ್ಲಿ ಮೆಸೇಜು ಕಳಿಸುವ ಸೀನಿಯರ್, ಬಾಗಿಲು ಬಡಿಯದೆ ಒಳಬರುವ ಓನರ್ ಕಡೆಯ ಹುಡುಗ, ರೂಮ್‌ಮೇಟ್ ಒಪ್ಪಿದ್ದಾಳೆ ಎಂದು ಕೋಣೆಯಲ್ಲೇ ಕುಳಿತುಬಿಡುವ ಗೆಳೆಯ, ಊರಿನವನೆಂಬ ಸಲಿಗೆಯಲ್ಲಿ ಪ್ರತಿ ಭಾನುವಾರ ಬರುವ ದೂರದ ನೆಂಟ. ಇವರಲ್ಲಿ ಹೆಚ್ಚಿನವರು ಅಪರಾಧಿಗಳಲ್ಲ. ಆದರೆ ಬೇಡ ಎಂದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಿಂದ ಬಹಳಷ್ಟು ತಿಳಿಯುತ್ತದೆ. ಒಮ್ಮೆ ಹೇಳಿದ್ದಕ್ಕೆ ಸರಿ ಎಂದು ಹಿಂದೆ ಸರಿದವನು ಬೇರೆ. ಇಷ್ಟಕ್ಕೆಲ್ಲ ಇಷ್ಟು ಕೋಪವೇ ಎಂದು ಚೌಕಾಸಿಗೆ ಇಳಿಯುವವನು ಬೇರೆ. ಎರಡನೆಯವನಿಗೆ ಕಾರಣ ವಿವರಿಸುತ್ತ ಕೂರಬೇಕಾಗಿಲ್ಲ.

ಈ ಬೇಡ ಎನ್ನುವ ಮಾತಿನ ಹಿಂದೆ ಸಂವಿಧಾನವೇ ನಿಂತಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಕುರಿತು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮಂಚ, ಫೋನು, ದೇಹ, ಯಾರ ಜೊತೆ ಮಾತಾಡಬೇಕೆಂಬ ಆಯ್ಕೆ, ಇವೆಲ್ಲ ಆ ಹಕ್ಕಿನ ನೆರಳಿನಲ್ಲೇ ಇವೆ.

ಕೆಲಸದ ಜಾಗದ ಕಾನೂನು ಇದಕ್ಕಿಂತ ಹಳೆಯ ಹೋರಾಟದ ಫಲ. ರಾಜಸ್ಥಾನದ ಭಂವರಿ ದೇವಿಯವರ ಮೇಲಿನ ದೌರ್ಜನ್ಯದ ನಂತರ 1997ರ ವಿಶಾಖಾ ತೀರ್ಪು, ಅದರ ಮೇಲೆ 2013ರ ಕಾಯ್ದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಮಹಿಳೆಯೇ ಆಗಬೇಕು. ಅದಕ್ಕಿಂತ ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಮೂರು ತಿಂಗಳ ಗಡುವು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು. ಕಂಪನಿ ಒದಗಿಸುವ ಕ್ಯಾಬು ಕೂಡ ಕಾನೂನಿನ ಕಣ್ಣಿನಲ್ಲಿ ಕೆಲಸದ ಜಾಗವೇ. ಬೆಂಗಳೂರಿಗೆ ಇದರ ಬೆಲೆ ಗೊತ್ತಿದೆ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರನ್ನು ಕ್ಯಾಬ್ ಚಾಲಕನೇ ಕೊಂದ ಮೇಲೆ ಇಡೀ ಉದ್ಯಮ ತನ್ನ ಸಾರಿಗೆ ವ್ಯವಸ್ಥೆಯನ್ನು ತಿರುಗಿ ನೋಡಬೇಕಾಯಿತು.

ಹಿಂಬಾಲಿಸುವವನ ವಿಷಯದಲ್ಲಿ ಕಾನೂನು ಇನ್ನೂ ಸಡಿಲವಾಗಿದೆ. ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ ಬಂದ 2013ರಲ್ಲೇ ಹಿಂಬಾಲಿಸಿ ಕಾಡುವುದು ಪ್ರತ್ಯೇಕ ಅಪರಾಧವಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸಜೆ. ಆದರೆ ಮೊದಲ ಸಲದ ಅಪರಾಧಕ್ಕೆ ಜಾಮೀನು ಸುಲಭ. ಠಾಣೆಯಿಂದ ಸಂಜೆಯೇ ಹೊರಬಂದವನು ಮತ್ತೆ ಅದೇ ಬಸ್‌ಸ್ಟಾಪಿನಲ್ಲಿ ನಿಲ್ಲಬಹುದು. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಯುವತಿಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಾಗ, ಬೆದರಿಕೆಯ ಬಗ್ಗೆ ಮೊದಲೇ ಹೇಳಿದರೂ ಪೊಲೀಸರು ಕಿವಿಗೊಡಲಿಲ್ಲ ಎಂದು ಮನೆಯವರು ದೂರಿದರು. ಪೊಲೀಸ್ ಸಿಬ್ಬಂದಿಯ ಅಮಾನತೂ ಆಯಿತು. ಆದ್ದರಿಂದ ಬಾಯಿಮಾತಿನ ದೂರು ಸಾಲದು. ದಿನಾಂಕ ಹಾಕಿ ಬರೆದುಕೊಡಬೇಕು, ಸ್ವೀಕೃತಿ ಪಡೆಯಬೇಕು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ದೂರು ದಾಖಲಿಸಬೇಕು ಎಂಬುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇದೆ. ದಾವಣಗೆರೆಯ ಹತ್ತಿರ ಬಸ್ಸಿನಲ್ಲಿ ನಡೆದದ್ದನ್ನು ಬೆಂಗಳೂರಿನಲ್ಲಿ ಇಳಿದು ಹೇಳಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಆನ್‌ಲೈನ್ ವಂಚನೆಗೆ 1930.

ಫೋಟೋ ಇಟ್ಟುಕೊಂಡು ಹೆದರಿಸುವವರಿಗೆ ಬಲ ಬರುವುದು ಹುಡುಗಿಯ ಮೌನದಿಂದ. ಹಣ ಕೊಡಬಾರದು, ಮೆಸೇಜುಗಳನ್ನು ಅಳಿಸಬಾರದು, ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಅಂಥ ಖಾಸಗಿ ಚಿತ್ರದ ಬಗ್ಗೆ ಆಕೆ ದೂರು ಕೊಟ್ಟ ಕೆಲವೇ ಗಂಟೆಗಳೊಳಗೆ ಅದನ್ನು ತೆಗೆಯಲು ಜಾಲತಾಣದ ಕಂಪನಿಗಳು ಕ್ರಮ ಕೈಗೊಳ್ಳಬೇಕೆಂದು 2021ರ ಐ.ಟಿ. ನಿಯಮಗಳು ಹೇಳುತ್ತವೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕಾಫಿ ಅಂಗಡಿಯೊಂದರ ಶೌಚಾಲಯದ ಕಸದ ಬುಟ್ಟಿಯಲ್ಲಿ ಚಿತ್ರೀಕರಿಸುತ್ತಿದ್ದ ಮೊಬೈಲನ್ನು ಪತ್ತೆ ಹಚ್ಚಿದ್ದು ಅಲ್ಲಿಗೆ ಬಂದ ಗ್ರಾಹಕಿಯೇ. ಸಿಬ್ಬಂದಿಯೊಬ್ಬ ಬಂಧನಕ್ಕೊಳಗಾದ. ಆಕೆ ಸುಮ್ಮನೆ ಎದ್ದು ಹೋಗಿದ್ದರೆ ಆ ಮೊಬೈಲು ಅಲ್ಲೇ ಇರುತ್ತಿತ್ತು.

ಹಣದ ಬಗ್ಗೆ ಒಂದು ಮಾತು. ಪಿ.ಜಿ. ಸರಿಯಿಲ್ಲವೆಂದು ಗೊತ್ತಿದ್ದೂ ಎಷ್ಟೋ ಹುಡುಗಿಯರು ಬಿಡುವುದಿಲ್ಲ, ಅಡ್ವಾನ್ಸ್ ಮುಳುಗುತ್ತದೆ ಎಂದು. ಸೂಪರ್‌ವೈಸರ್ ಮೈಮೇಲೆ ಬಂದರೂ ಗಾರ್ಮೆಂಟ್ಸ್ ಬಿಡುವುದಿಲ್ಲ, ತಿಂಗಳ ಸಂಬಳ ನಿಲ್ಲುತ್ತದೆ ಎಂದು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ಕೇಂದ್ರ ಸರ್ಕಾರ ತಂದಿದ್ದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಾಯಕರಿಲ್ಲದೆ ಹೆದ್ದಾರಿಗೆ ಇಳಿದು, ಎರಡೇ ದಿನದಲ್ಲಿ ಆ ನಿಯಮ ವಾಪಸ್ ಹೋಗುವಂತೆ ಮಾಡಿದರು. ಆ ಸಿಟ್ಟಿನ ಕಾರಣ ಸ್ಪಷ್ಟ. ಕೆಲಸ ಬಿಡಬೇಕಾಗಿ ಬಂದಾಗ ಅವರನ್ನು ಹಿಡಿದು ನಿಲ್ಲಿಸುವ ಹಣ ಅದೊಂದೇ. ದೂರದ ಊರಿನ ಮಗಳ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮತ್ತು ಊರಿನ ಬಸ್‌ಚಾರ್ಜು ಯಾವಾಗಲೂ ಇರಬೇಕು. ಅದರ ಲೆಕ್ಕ ಯಾರೂ ಕೇಳಬಾರದು.

ಹಣದಷ್ಟೇ ಮುಖ್ಯವಾದದ್ದು ಜೊತೆಯವರು. ಅರುಣಾ ಶಾನಭಾಗರ ಮೇಲೆ ದಾಳಿಯಾದಾಗ ಮುಷ್ಕರಕ್ಕೆ ಇಳಿದವರು ನರ್ಸುಗಳೇ. ಅರುಣಾ ಅವರನ್ನು ಬೇರೆಡೆಗೆ ಸಾಗಿಸುವ ಪ್ರಯತ್ನವನ್ನು ತಡೆದವರೂ, ತಲೆಮಾರು ಕಳೆದರೂ ಮೈ ತೊಳೆದು ಉಣಿಸಿದವರೂ ಅವರೇ. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅರುಣಾ ಪರವಾಗಿ ನಿರ್ಧರಿಸುವ ಆಪ್ತರು ಆ ಆಸ್ಪತ್ರೆಯ ಸಿಬ್ಬಂದಿ ಎಂದು ಗುರುತಿಸಿತು. ಊರು ಬಿಟ್ಟು ಬಂದವಳಿಗೆ ಪಕ್ಕದ ಮಂಚದವಳು ಬಂಧುವಾಗುವುದು ಹೀಗೆ. ಮೂವರು ರೂಮ್‌ಮೇಟುಗಳು ಒಬ್ಬರ ಮನೆಯ ಫೋನ್ ನಂಬರನ್ನು ಇನ್ನೊಬ್ಬರು ಬರೆದಿಟ್ಟುಕೊಳ್ಳುವುದು, ತಡವಾದರೆ ಯಾರಿಗೆ ಹೇಳಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಯಾವ ಆ್ಯಪಿಗಿಂತಲೂ ಕಡಿಮೆಯಲ್ಲ.

ಇಷ್ಟೆಲ್ಲ ಇದ್ದೂ ದೂರುಗಳು ಬಾರದಿರುವುದಕ್ಕೆ ಒಂದು ದೊಡ್ಡ ಕಾರಣ ಮನೆಯೊಳಗೇ ಇದೆ. ಹೇಳಿದರೆ ಓದು ಬಿಡಿಸುತ್ತಾರೆ, ಕೆಲಸ ಬಿಡಿಸಿ ಕರೆದುಕೊಂಡು ಹೋಗುತ್ತಾರೆ, ಬೇಗನೆ ಮದುವೆ ಮಾಡುತ್ತಾರೆ ಎಂಬ ಭಯ. ತಪ್ಪು ಮಾಡಿದವನು ಊರಲ್ಲೇ ಇರುತ್ತಾನೆ, ಅವಳು ಮಾತ್ರ ಗಂಟುಮೂಟೆ ಕಟ್ಟಬೇಕು. ಈ ಲೆಕ್ಕ ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಅದಕ್ಕೇ 'ಹೇಗಿದ್ದೀ ಮಗಾ' ಎಂದು ಅವ್ವ ಕೇಳಿದಾಗ 'ಆರಾಮಿದೀನವ್ವಾ' ಎಂದು ಫೋನಿಡುತ್ತಾರೆ. ಎಲ್ಲ ಸಹಾಯವಾಣಿಗಳಿಗಿಂತ ಮೊದಲು ನೆನಪಾಗಬೇಕಾದ ನಂಬರು ಮನೆಯದೇ. ಅಲ್ಲಿಗೆ ಹೇಳಲು ಹೆದರುವವಳು ಮುಂದೆ ಎಲ್ಲಿಯೂ ಹೇಳಲಾರಳು.

ಆದ್ದರಿಂದ ಈ ಸಭೆಯಲ್ಲಿರುವ ತಂದೆತಾಯಂದಿರಲ್ಲಿ ಒಂದೇ ಬೇಡಿಕೆ. ಮಗಳನ್ನು ಹಾಸ್ಟೆಲ್ಲಿಗೋ ಪಿ.ಜಿ.ಗೋ ಬಿಟ್ಟು ಬರುವ ದಿನ ಹುಷಾರು ಎಂದಷ್ಟೇ ಹೇಳಿ ಬಸ್ಸು ಹತ್ತಬೇಡಿ. ಏನೇ ಆದರೂ ಮೊದಲು ನಮಗೆ ಹೇಳು, ನಿನ್ನ ಓದನ್ನೂ ಕೆಲಸವನ್ನೂ ಬಿಡಿಸುವುದಿಲ್ಲ, ನಿನ್ನ ಜೊತೆ ಠಾಣೆಗೂ ಬರುತ್ತೇವೆ ಎಂದು ಅವಳಿಗೆ ಬಾಯಿಬಿಟ್ಟು ಹೇಳಿ. ಅಂಥ ದಿನ ಬಂದರೆ ಆ ಮಾತಿಗೆ ತಪ್ಪಬೇಡಿ.